ಲಾರಿಯ ಟೋಪಿ

ಡೀಸೆಲ್ ಟ್ಯಾಂಕಿನ ಬಾಯಲ್ಲಿ ರಬ್ಬರ್ ಪೈಪು, ಕೈಯಲ್ಲಿ ಅರ್ಧ ತುಂಬಿದ ಕ್ಯಾನು. ಲಾರಿ ಡ್ರೈವರ್ ಚನ್ನಕೇಶವ ಸಿಕ್ಕಿಬಿದ್ದದ್ದು ಹೀಗೆ, ಹಾಡಹಗಲಲ್ಲಿ.

“ಎಲ್ಲಾ ಊಟಕ್ಕೆ ಹೋಗೋ ಹೊತ್ತು ನೋಡ್ಕೊಂಡಿದೀಯ,” ಅಂದರು ಮೋಹನ್‌ಬಾಬು. ಚಿಂತಾಮಣಿ ಮಾರುಕಟ್ಟೆಯಿಂದ ಟೊಮೆಟೊ ಹೊರುವ ಅಷ್ಟೂ ಲಾರಿಗಳ ಯಜಮಾನರು ಅವರು. ಶೆಡ್ಡಿನ ಬಾಗಿಲಿಗೆ ಅಡ್ಡ ನಿಂತಿದ್ದರು. ಲಾರಿಯ ನೆತ್ತಿಯಲ್ಲಿ ಚನ್ನಕೇಶವನೇ ಕಟ್ಟಿದ ಹುಲ್ಲಿನ ದೃಷ್ಟಿಬೊಂಬೆ, ಮಡಕೆತಲೆ ಹೊತ್ತು, ಎರಡೂ ಕೈ ಚಾಚಿ ಹಲ್ಲು ಕಿರಿಯುತ್ತಿತ್ತು. ಊರವರ ಕಣ್ಣಿಂದ ಕಾಯುತ್ತಿದ್ದ ಬೊಂಬೆ ಯಜಮಾನರ ಕಣ್ಣಿಂದ ಕಾಯಲಿಲ್ಲ.

ಚನ್ನಕೇಶವ ತಲೆ ತಗ್ಗಿಸಿದ. ಕಳ್ಳನಾಗಿದ್ದರೆ ಕಾಲಿಗಾದರೂ ಬೀಳಬಹುದಿತ್ತು. ಅವನು ಟ್ಯಾಂಕಿನಿಂದ ತೆಗೆಯುತ್ತಿರಲಿಲ್ಲ. ಸ್ವಂತ ದುಡ್ಡಿನ ಡೀಸೆಲ್ ತಂದು ತುಂಬುತ್ತಿದ್ದ.

ಎಲ್ಲ ಮಗಳಿಗಾಗಿ. ಚಿಕ್ಕಬಳ್ಳಾಪುರದಲ್ಲಿ ಎಂಜಿನಿಯರಿಂಗ್ ಓದುವ ತನುಜ, ಕ್ಯಾಬಿನ್ ಮೇಲೆ ಇಳಿಜಾರಾದ ಫೈಬರ್ ಹೊದಿಕೆಯೊಂದನ್ನು ಕೂರಿಸಿ ಹೋಗಿದ್ದಳು. ಎದುರುಗಾಳಿ ಲೋಡಿಗೆ ಗುದ್ದದೆ ಮೇಲಕ್ಕೆ ಜಾರಿಹೋದರೆ ಲಾರಿ ಕಡಿಮೆ ಡೀಸೆಲ್ ಕುಡಿಯುತ್ತದೆ ಎಂಬುದು ಅವಳ ವಾದ. ಶೆಡ್ಡಿನವರು ಅದಕ್ಕೆ ಟೋಪಿ ಎಂದು ಹೆಸರಿಟ್ಟರು. ಲಾರಿಗೆ ಹಾಕಮ್ಮ, ನನಗೆ ಹಾಕಬೇಡ ಎಂದು ಮೋಹನ್‌ಬಾಬು ನಕ್ಕಿದ್ದರು. ಉಳಿತಾಯ ಕಂಡರೆ ಎಲ್ಲ ಲಾರಿಗೂ ಹಾಕಿಸಿ, ಅವಳಿಗೊಂದು ಕೆಲಸವನ್ನೂ ಕೊಡುವ ಮಾತಾಗಿತ್ತು.

ಒಂದು ಹನಿಯೂ ಉಳಿಯಲಿಲ್ಲ. ಮಗಳು ದಿನವೂ ಫೋನು ಮಾಡಿ ಮೈಲೇಜ್ ಕೇಳುತ್ತಿದ್ದಳು. ಇಲ್ಲ ಎನ್ನಲು ಅಪ್ಪನಿಗೆ ನಾಲಿಗೆ ಹೊರಳಲಿಲ್ಲ. ಹಾಗೆ ಕ್ಯಾನು ಕೈಗೆ ಬಂತು, ಯಜಮಾನರ ಲೆಕ್ಕದಲ್ಲಿ ಉಳಿತಾಯವೂ ಕಂಡಿತು.

“ಯಾವಾಗ್ನಿಂದ ಕದೀತಿದೀಯ?”

ನಿಜ ಹೇಳಿದರೆ ಮಗಳ ಟೋಪಿ ಸುಳ್ಳಾಗುತ್ತದೆ. ಹೇಳದಿದ್ದರೆ ತಾನು ಕಳ್ಳ. ಅತ್ತ ದರಿ, ಇತ್ತ ಪುಲಿ.

“ಟೋಪಿ ಹಾಕ್ದಾಗ್ನಿಂದ, ಯಜಮಾನ್ರೇ.”

ಮೋಹನ್‌ಬಾಬು ಬೈಯಲು ತೆರೆದ ಬಾಯನ್ನು ಹಾಗೇ ಬಿಟ್ಟುಕೊಂಡು ನಿಂತರು. ಆಮೇಲೆ ಅವರ ಕಣ್ಣು ಹೊಳೆಯಿತು.

“ನೀನು ಕದ್ದೂ ಇಷ್ಟು ಉಳ್ದಿದೆ ಅಂದ್ರೆ, ಕದೀದೆ ಇದ್ದಿದ್ರೆ ಎಷ್ಟು ಉಳೀತಿತ್ತಯ್ಯಾ.”

ಚನ್ನಕೇಶವನ ಕೆಲಸ ನಿಂತಲ್ಲೇ ಹೋಯಿತು. ಯಜಮಾನರು ಅಲ್ಲೇ ಫೋನು ತೆಗೆದು, ನಾಳೆಯೇ ಬಂದು ಎಲ್ಲ ಲಾರಿಗೂ ಟೋಪಿಯ ಅಳತೆ ತೆಗೆದುಕೋ ಎಂದು ತನುಜಳಿಗೆ ಹೇಳಿದರು. ಕಳ್ಳತನ ಒಪ್ಪಿಕೊಂಡು ಚನ್ನಕೇಶವ ಮಗಳನ್ನು ಇನ್ನೂ ದೊಡ್ಡ ಗುಂಡಿಗೆ ತಳ್ಳಿದ್ದ. ಅಷ್ಟೂ ಲಾರಿಗೆ ಗುಟ್ಟಾಗಿ ಡೀಸೆಲ್ ಸುರಿಯುವ ಅಪ್ಪಂದಿರು ಎಲ್ಲಿ ಸಿಗುತ್ತಾರೆ?

ಮರುದಿನ ಬಸ್ಸಿಳಿದು ಶೆಡ್ಡಿಗೆ ಬಂದ ಮಗಳನ್ನು ಬಾಗಿಲಲ್ಲೇ ತಡೆದು, ಎಲ್ಲವನ್ನೂ ಹೇಳಿಬಿಟ್ಟ. ಟೋಪಿ ಕೆಲಸ ಮಾಡುವುದಿಲ್ಲ, ಒಪ್ಪಿಕೊಳ್ಳಬೇಡ, ವಾಪಸು ಹೋಗು ಎಂದು ಕೈ ಹಿಡಿದು ಬೇಡಿಕೊಂಡ. ಟೋಪಿ ಕೂರಿಸಿ ಹೋದ ಮೇಲೆ ತನುಜ ಆ ಲಾರಿಯನ್ನು ನೋಡುತ್ತಿದ್ದದ್ದು ಇದೇ ಮೊದಲು. ನೋಡುತ್ತಲೇ ನಿಂತಳು.

“ಗಾಳಿ ಜಾರ್ಲಿ ಅಂತ ನುಣ್ಣಗೆ ಮಾಡಿದ್ನಲ್ಲಪ್ಪ. ಅದರ ನೆತ್ತಿ ಮೇಲೆ, ಗಾಳಿಗೆ ಅಡ್ಡ ಕೈ ಚಾಚ್ಕೊಂಡು ನಿಂತಿರೋ ಈ ಬೊಂಬೇನ ಯಾವತ್ತು ಕಟ್ದೆ?”

“ನೀನು ಹೋದ ದಿನಾನೇ ಕಣಮ್ಮ. ನಿನ್ನ ಕೆಲಸಕ್ಕೆ ಯಾರ ಕಣ್ಣೂ ಬೀಳ್ದೆ ಇರ್ಲಿ ಅಂತ.”