ಗುರುವಾರದ ಪ್ರಶ್ನೆಗಳು

ಗುರುವಾರ ಹನ್ನೊಂದಕ್ಕೆ ಸರಿಯಾಗಿ ಫೋನ್ ಬಡಿದುಕೊಂಡಿತು. ಪರೀಕ್ಷಕ ಕುರ್ಚಿ ಬಿಟ್ಟು ಏಳಲಿಲ್ಲ. ಈ ಸಲ ಎತ್ತಲೇಬಾರದು ಎಂದು ಬೆಳಗ್ಗೆಯೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಏಳನೆಯ ಸಲ ಬಡಿದಾಗ ಮನಸ್ಸು ಕರಗಿ ಎತ್ತಿದ. ಆ ಮನೆಯಲ್ಲಿ ಫೋನ್ ಸದ್ದು ಮಾಡುತ್ತಿದ್ದುದು ವಾರಕ್ಕೆ ಎರಡೇ ಸಲ. ಭಾನುವಾರ ಅಕ್ಕ, ಗುರುವಾರ ಈ ಹೆಂಗಸು.

"ಆಫೀಸಿಂದ ಸರ್. ಬೆನ್ನು ಹೇಗಿದೆ?"

"ಇದೆ."

"ಒಂದು ಸಣ್ಣ ಪ್ರಶ್ನೆ ಇತ್ತು."

ಯಾವಾಗಲೂ ಒಂದು ಸಣ್ಣ ಪ್ರಶ್ನೆ ಇರುತ್ತಿತ್ತು.

ಅವನದು ತೂಕ ಪರೀಕ್ಷಿಸುವ ಕೆಲಸ. ಅಂಗಡಿಗಳ, ಕಾರ್ಖಾನೆಗಳ ಹಿತ್ತಾಳೆಯ ತೂಕದ ಬಟ್ಟುಗಳು ಅವನ ಮೇಜಿಗೆ ಬಂದು, ಗಾಜಿನ ಗೂಡಿನೊಳಗಿನ ತಕ್ಕಡಿಯಲ್ಲಿ ಕೂತು, ಸರಿ ಎನಿಸಿಕೊಂಡು ಹೋಗುತ್ತಿದ್ದವು. ಇಪ್ಪತ್ತೆಂಟು ವರ್ಷದಲ್ಲಿ ಒಂದು ಬಟ್ಟನ್ನೂ ಬರಿಗೈಯಲ್ಲಿ ಮುಟ್ಟಿದವನಲ್ಲ. ಬೆನ್ನುಮೂಳೆಗೆ ಸೋಂಕು ತಗುಲಿ ಮಲಗಿದವನಿಗೆ ಇದು ಹದಿನಾಲ್ಕನೆಯ ತಿಂಗಳು. ಮೊದಲ ತಿಂಗಳು ಜೊತೆಯವರು ಹಣ್ಣು ಹಿಡಿದು ಬಂದರು. ಎರಡನೆಯ ತಿಂಗಳು ಎಲ್ಲರೂ ಸಹಿ ಹಾಕಿದ ಒಂದು ಕಾರ್ಡು ಬಂತು. ಆಮೇಲೆ ಯಾರ ಸುಳಿವೂ ಇಲ್ಲ, ಈ ಹೆಂಗಸಿನ ಫೋನ್ ಒಂದನ್ನು ಬಿಟ್ಟು.

ಮೊದಮೊದಲು ಗುರುವಾರಕ್ಕಾಗಿ ಅವನು ಗಡ್ಡ ಬೋಳಿಸಿಕೊಂಡು ಕೂರುತ್ತಿದ್ದ. ಫೋನಿಗೆ ಮುಖ ಕಾಣುವುದಿಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ ಎಂದಲ್ಲ. ಯಾವ ತಕ್ಕಡಿ ಬೆಳಗಿನ ಹೊತ್ತು ಎಡಕ್ಕೆ ವಾಲುತ್ತದೆ, ಯಾವ ಕಿಟಕಿಯ ಬಿಸಿಲು ಮುಳ್ಳನ್ನು ಕೆಣಕುತ್ತದೆ, ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದ. ಆಕೆ ಬರೆದುಕೊಳ್ಳುವ ಸದ್ದು ಕೇಳುತ್ತಿತ್ತು. ಮುಗಿದ ಕೂಡಲೇ ಗಡಿಯಾರ ನೋಡಿದವಳ ಹಾಗೆ, "ಹದಿನೆಂಟು ನಿಮಿಷ ಆಯ್ತು ಸರ್. ಹೇಳಿದ್ದು ನೀವು ಅಂತಲೇ ಬರ್ಕೋತೀನಿ" ಎನ್ನುತ್ತಿದ್ದಳು. ನಿಮಿಷದ ಲೆಕ್ಕ ಅವನಿಗೆ ಚುಚ್ಚುತ್ತಿತ್ತು.

ಅಕ್ಕನಿಗೆ ಹೇಳಿದಾಗ ಅವಳು ಉರಿದುಬಿದ್ದಳು. "ಬರ್ಕೋತಾಳಂತಾ? ದಡ್ಡ ಕಣೋ ನೀನು! ತಲೇಲಿರೋದೆಲ್ಲ ಹಿಂಡ್ಕೊಂಡು ಸಿಪ್ಪೆ ಬಿಸಾಕ್ತಾರೆ. ನೋಡ್ತಾ ಇರು, ನಿನ್ನ ಕುರ್ಚೀಲಿ ಅವಳೇ ಕೂತಿರ್ತಾಳೆ."

ಅಂದಿನಿಂದ ಆ ಮಾತು ಮುಳ್ಳಾಗಿ ಕೂತಿತು. ಒಮ್ಮೆ ಆಕೆ, "ನಾನೂ ಹೀಗೇ ತಿಂಗಳುಗಟ್ಟಲೆ ಮನೇಲಿ ಬಿದ್ದಿದ್ದೆ ಸರ್. ಒಬ್ಬರೂ ಫೋನ್ ಮಾಡ್ಲಿಲ್ಲ" ಎಂದಿದ್ದಳು. ಬೆಣ್ಣೆ ಹಚ್ಚುತ್ತಿದ್ದಾಳೆ ಎಂದುಕೊಂಡು ಅವನು ಮಾತು ಬದಲಿಸಿದ್ದ.

ಮುಂದಿನ ಸೋಮವಾರ ಕೆಲಸಕ್ಕೆ ಹೋಗಬಹುದು, ಮೊದಲ ವಾರ ದಿನಕ್ಕೆರಡೇ ಗಂಟೆ ಎಂದು ವೈದ್ಯರು ಬರೆದುಕೊಟ್ಟಿದ್ದರು. ಹಾಗಾಗಿ ಇದೇ ಕೊನೆಯ ಗುರುವಾರ. ಈ ಸಲದ ಸಣ್ಣ ಪ್ರಶ್ನೆ:

"ಹೊರಗಿಂದ ತಂದ ಬಟ್ಟು ಗೂಡಲ್ಲಿಟ್ಟ ಮೇಲೆ ಎಷ್ಟು ಹೊತ್ತು ಕಾಯಬೇಕು ಸರ್?"

ಇಪ್ಪತ್ತು ನಿಮಿಷ. ಅದಕ್ಕಿಂತ ಮೊದಲು ನೋಡಿದರೆ ಲೋಹದ ಬಿಸಿಗೆ ಮುಳ್ಳು ಸುಳ್ಳು ಹೇಳುತ್ತದೆ.

"ಐದು ಸಾಕು" ಎಂದ ಪರೀಕ್ಷಕ.

ಆ ಕಡೆ ಬರೆಯುವ ಸದ್ದು ನಿಂತು ಮತ್ತೆ ಶುರುವಾಯಿತು. "ಆಯ್ತು ಸರ್. ಬರ್ಕೋತೀನಿ."

ಅವನು ಫೋನ್ ಇಟ್ಟ. ಇಷ್ಟು ವರ್ಷಗಳಲ್ಲಿ ತೂಕದ ವಿಷಯದಲ್ಲಿ ಅವನು ಆಡಿದ ಮೊದಲ ಸುಳ್ಳು ಅದು. ಮತ್ತೆ ಮಾಡಿ ತಿದ್ದೋಣವೆಂದರೆ ಆಕೆಯ ಹೆಸರನ್ನೂ ನಂಬರನ್ನೂ ಅವನು ಎಂದೂ ಕೇಳಿರಲಿಲ್ಲ.

ಸೋಮವಾರ ಗೇಟಿನ ಕಾವಲುಗಾರ ಹೊಸಬ. ಗುರುತಿನ ಚೀಟಿಯನ್ನೂ ಮುಖವನ್ನೂ ಎರಡೆರಡು ಸಲ ಹೋಲಿಸಿ ಒಳಗೆ ಬಿಟ್ಟ. ಓಣಿಯಲ್ಲಿ ಎದುರಾದ ಇಬ್ಬರು, ಯಾರೋ ಬಟ್ಟು ತಂದವನಿರಬೇಕೆಂದು ಸರಿದು ದಾರಿ ಕೊಟ್ಟರು. ಪರೀಕ್ಷೆಯ ಕೋಣೆಯ ಬಾಗಿಲು ತಳ್ಳಿದ.

ಅಕ್ಕನ ಮಾತು ಸುಳ್ಳಾಗಿರಲಿಲ್ಲ. ಅವನ ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತಿದ್ದಳು. ನಡುವಯಸ್ಸು, ಕೈಗೆ ಬಿಳಿಯ ಕೈಗವಸು.

"ಬನ್ನಿ ಸರ್. ಬೆನ್ನು ಹೇಗಿದೆ?"

ದನಿ ಕೇಳಿದ್ದೇ ಅವನ ಮೈ ಉರಿಯಿತು. "ಅದು ನನ್ನ ಕುರ್ಚಿ."

"ಹೌದು ಸರ್." ಆಕೆ ಎದ್ದಳು. ಕೈಗವಸು ಕಳಚಿ, ಮಡಚಿ, ಮೇಜಿನ ಮೇಲಿಟ್ಟಳು. ಚೀಲ ಹೆಗಲಿಗೇರಿಸಿದಳು.

"ಯಾಕೆ, ಇನ್ನೂ ಏನಾದ್ರೂ ಕೇಳೋದು ಉಳಿದಿದ್ಯಾ?"

"ಇಲ್ಲ ಸರ್. ಇನ್ನು ಕೇಳೋದೇನೂ ಇಲ್ಲ."

ಅವಳು ಹೋದಳು. ಅವನು ಕೂತ. ಕುರ್ಚಿ ಅವನ ಎತ್ತರಕ್ಕೇ ಇತ್ತು.

ಸ್ವಲ್ಪ ಹೊತ್ತಿಗೆ ನೌಕರರ ಕಲ್ಯಾಣಾಧಿಕಾರಿ ದಪ್ಪ ಪುಸ್ತಕವೊಂದನ್ನು ಹಿಡಿದು ಬಂದರು. "ಸ್ವಾಗತ! ಇಲ್ಲೊಂದು ಸಹಿ ಬೇಕು. ನೀವು ಮನೆಯಿಂದ ಮಾಡಿದ ಕೆಲಸದ ದಾಖಲೆ."

"ಯಾವ ಕೆಲಸ?"

"ಗುರುವಾರಗಳದ್ದು. ಕಾಯಿಲೆಯಲ್ಲೂ ಬಿಡದೆ ಮಾರ್ಗದರ್ಶನ ಕೊಟ್ರಲ್ಲ! ಫೋನ್ ಮಾಡ್ತಿದ್ದವರು ಪ್ರತಿ ವಾರ ಇದನ್ನ ನನ್ನ ಮುಂದೆ ತಂದಿಟ್ಟು ಸಹಿ ಮಾಡಿಸ್ಕೊಂಡು ಹೋಗ್ತಿದ್ರು."

ಅವನು ಪುಟ ತಿರುವಿದ. ದಿನಾಂಕ, ಪ್ರಶ್ನೆ, ಉತ್ತರ, ನಿಮಿಷ. ಪ್ರತಿ ಸಾಲಿನ ಕೊನೆಗೂ ಅವನ ಹೆಸರು. ಕೊನೆಯ ಸಾಲಿಗೆ ಬಂದಾಗ ಕಣ್ಣು ಅಲ್ಲೇ ನಿಂತಿತು. ಎಷ್ಟು ಹೊತ್ತು ಕಾಯಬೇಕು? ಇಪ್ಪತ್ತು ನಿಮಿಷ. ಹೇಳಿದವರು: ಪರೀಕ್ಷಕರು.

ಅವಳಿಗೆ ಉತ್ತರ ಗೊತ್ತಿತ್ತು. ಬಹುಶಃ ಎಲ್ಲ ಉತ್ತರಗಳೂ.

"ಇದನ್ನೆಲ್ಲ ಯಾಕೆ ಬರೆದರು?" ಎಂದ ಅವನು.

"ನಿಯಮ ಗೊತ್ತಿಲ್ವಾ ನಿಮಗೆ? ಪೂರ್ತಿ ಒಂದು ವರ್ಷ ಏನೂ ಕೆಲಸ ಮಾಡದಿದ್ರೆ ಹುದ್ದೆ ಹೋಗುತ್ತೆ. ಬದಲಿಗೆ ಬಂದವರಿಗೇ ಕಾಯಂ ಆಗುತ್ತೆ. ಈ ಗುರುವಾರಗಳಿಂದ ನಿಮ್ಮದು ಉಳೀತು."

"ಇವು ಇಲ್ಲದಿದ್ದರೆ ಈ ಕುರ್ಚಿ ಯಾರದಾಗ್ತಿತ್ತು?"

"ಇನ್ಯಾರದು? ಈಗಷ್ಟೇ ಚೀಲ ಹಾಕ್ಕೊಂಡು ಹೋದ್ರಲ್ಲ, ಅವರದು."