ಕೂದಲೆಳೆಯಷ್ಟು ಬಿಳಿ

ನಕಲಿ ಮಾರುವ ಹೆಂಗಸು ತಾನಾಗಿಯೇ ಮನೆ ಬಾಗಿಲಿಗೆ ಬಂದು ನಿಂತಿದ್ದಳು. ಡೌವೆ ಕಿಟಕಿಯಿಂದಲೇ ಗುರುತು ಹಿಡಿದ. ಫ್ರಾನೆಕರ್ ಅಷ್ಟೇನೂ ದೊಡ್ಡ ಊರಲ್ಲ. ಹೋದ ವಾರ ಬೇಕರಿಯ ಸಾಲಿನಲ್ಲಿ ಈ ರೆನ್ಸ್ಕೆ ಅವನನ್ನು ಕಂಡದ್ದೇ ತಡ, ಬ್ರೆಡ್ ಕೊಳ್ಳದೆ ತಲೆ ತಗ್ಗಿಸಿಕೊಂಡು ಹೊರಟುಹೋಗಿದ್ದಳು. ಕಳ್ಳರು ಹಾಗೇ ಹೋಗುವುದು ಎಂದುಕೊಂಡಿದ್ದ ಡೌವೆ.

ಹಳೆಯ ಸಾಮಾನು ಮಾರುವ ಜಾಲತಾಣದಲ್ಲಿ ಅವಳು ಒಂದು ವಿಡಿಯೋ ಗೇಮ್ ಕ್ಯಾಸೆಟ್ಟನ್ನು ಮಾರಾಟಕ್ಕಿಟ್ಟಿದ್ದಳು. 'ನೀರುನಾಯಿಯ ಅಣೆಕಟ್ಟು'. ಮೂವತ್ತು ವರ್ಷದ ಹಿಂದಿನ ಆಟ, ಬಿಡುಗಡೆಯಾದದ್ದು ಹಾಲೆಂಡಿನಲ್ಲಿ ಮಾತ್ರ, ಅದೂ ಕೆಲವೇ ನೂರು. ಹಳೆ ಆಟ ಕೂಡಿಡುವ ಹುಚ್ಚಿನವರು ಇದನ್ನು ಕೊಳ್ಳುವ ಮುಂಚೆ ಡೌವೆಯನ್ನೊಮ್ಮೆ ಕೇಳುತ್ತಿದ್ದರು. ಅವನು ಫೋಟೋ ದೊಡ್ಡದು ಮಾಡಿ ಒಂದೇ ಜಾಗ ನೋಡುತ್ತಿದ್ದ: ಲೇಬಲ್ಲಿನ ಕೆಳಗಿನ ಕೆಂಪು ಗೆರೆ. ಅಸಲಿಯಲ್ಲಿ ಗೆರೆಗೂ ಅಂಚಿಗೂ ನಡುವೆ ಕೂದಲೆಳೆಯಷ್ಟು ಬಿಳಿ ಇರುತ್ತದೆ. ನಕಲಿಯಲ್ಲಿ ಗೆರೆ ಅಂಚಿಗೇ ಅಂಟಿರುತ್ತದೆ. ಈವರೆಗೆ ಹನ್ನೊಂದು ನಕಲಿಗಳನ್ನು ಅವನು ಬಯಲಿಗೆಳೆದಿದ್ದ. ಹನ್ನೊಂದೂ ಒಂದೇ ಅಚ್ಚಿನವು, ಯಾವನೋ ಒಬ್ಬನೇ ಖದೀಮನ ಕೈವಾಡ.

ಹನ್ನೆರಡನೆಯದು ರೆನ್ಸ್ಕೆಯದು. ಅವಳ ಜಾಹೀರಾತಿನ ಕೆಳಗೆ ಅವನು ಬರೆದದ್ದು ಎರಡೇ ಮಾತು: "ಇದು ನಕಲಿ. ಮೋಸಹೋಗಬೇಡಿ." ಎರಡು ದಿನದಲ್ಲಿ ಜಾಲತಾಣದವರು ಅವಳ ಖಾತೆಯನ್ನೇ ಮುಚ್ಚಿದರು. ಮಕ್ಕಳ ಹಳೆ ಬಟ್ಟೆ ತಂದು, ಹರಿದದ್ದನ್ನು ಹೊಲಿದು, ಅದೇ ಖಾತೆಯಲ್ಲಿ ಮಾರಿ ಅವಳು ಜೀವನ ಸಾಗಿಸುತ್ತಿದ್ದಳು. ಅದು ಡೌವೆಗೆ ಆಮೇಲೆ ಗೊತ್ತಾಯಿತು. ಗೊತ್ತಾದ ಮೇಲೂ ಬರೆದದ್ದನ್ನು ಅವನು ಅಳಿಸಲಿಲ್ಲ.

ಕಣ್ಣು ಅವನಿಗೆ ಅಪ್ಪನಿಂದ ಬಂದದ್ದು. ಅಪ್ಪ ನಲವತ್ತು ವರ್ಷ ಮುದ್ರಣಾಲಯದಲ್ಲಿ ಚೀಸ್ ಡಬ್ಬಿಗಳ ಲೇಬಲ್ ಅಚ್ಚು ಹಾಕಿದವರು. ಗೆರೆ ಒಂದಿಷ್ಟು ಓರೆಯಾದರೂ ಅವರಿಗೆ ಅನ್ನ ಸೇರುತ್ತಿರಲಿಲ್ಲ. ಇನ್ನು ಅಳತೆಗೋಲು ಡೌವೆಯ ಸ್ವಂತ ಕ್ಯಾಸೆಟ್ಟು. ಏಳು ವರ್ಷದವನಿದ್ದಾಗ, ಡಿಸೆಂಬರ್ ಐದರ ಸಂಜೆ, ಮಕ್ಕಳಿಗೆ ಉಡುಗೊರೆ ತರುವ ಸಂತ ಸಿಂಟರ್‌ಕ್ಲಾಸ್ ಬಾಗಿಲಲ್ಲಿ ಚೀಲ ಇಟ್ಟು ಹೋಗಿದ್ದ. ಅದರೊಳಗೆ ಇದೇ ಆಟ. ಸಂತನೇ ತಂದುಕೊಟ್ಟ ಮೇಲೆ ರಸೀದಿ ಕೇಳುವವರು ಯಾರು? ಅದು ಈಗಲೂ ಗಾಜಿನ ಕಪಾಟಿನಲ್ಲಿ ಹೊಸದರಂತೆ ಹೊಳೆಯುತ್ತಿತ್ತು.

"ಜಗಳಕ್ಕೆ ಬಂದಿಲ್ಲ ನಾನು," ಎಂದಳು ರೆನ್ಸ್ಕೆ, ಕೋಟು ಕೂಡ ಬಿಚ್ಚದೆ. ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟಳು. "ಫೋಟೋದಲ್ಲಿ ಸರಿಯಾಗಿ ಕಂಡಿಲ್ವೇನೋ. ಕೈಯಲ್ಲಿ ಹಿಡಿದು ನೋಡಿ."

ಡೌವೆ ತನ್ನದನ್ನು ತಂದು ಪಕ್ಕದಲ್ಲಿಟ್ಟ. "ನೀವೇ ನೋಡಿ. ನಂದರಲ್ಲಿ ಬಿಳಿ ಇದೆ. ನಿಮ್ಮದರಲ್ಲಿ ಇಲ್ಲ."

"ಒಳಗೆ ಬಿಚ್ಚಿ ನೋಡಲ್ವಾ?"

"ಬೇಕಾಗಿಲ್ಲ. ಲೇಬಲ್ಲೇ ಹೇಳ್ತಾ ಇದೆಯಲ್ಲ."

"ನಮ್ಮಣ್ಣ ಮೊದಲನೇ ಸಂಬಳದಲ್ಲಿ ಅಂಗಡಿಯಿಂದಲೇ ತಂದಿದ್ದು. ಡಬ್ಬಿ ಒಡೆದಾಗ ನಾನು ಪಕ್ಕದಲ್ಲೇ ಕೂತಿದ್ದೆ."

"ಅಣ್ಣಂದಿರು ತಂಗಿ ಮುಂದೆ ಬಡಾಯಿ ಕೊಚ್ಚೋದು ಇದ್ದದ್ದೇ, ಬಿಡಿ," ಎಂದು ಡೌವೆ ನಕ್ಕ. ಸಮಾಧಾನ ಮಾಡುತ್ತಿದ್ದೇನೆ ಎಂದೇ ಅವನ ಭಾವನೆ.

ರೆನ್ಸ್ಕೆ ನಗಲಿಲ್ಲ. "ಅವನು ಹೋಗಿ ಎರಡು ವರ್ಷ ಆಯ್ತು. ಸುಳ್ಳು ಹೇಳಿದ್ದ ಅಂತೀರಾ?"

ಡೌವೆ ಬಿಳಿ ಅಂಚನ್ನು ಬೆರಳಿನಿಂದ ತೋರಿಸಿದ. ಅವಳು ಬಾಗಿ ನೋಡಿದಳು. ತುಂಬಾ ಹೊತ್ತು ನೋಡಿದಳು. ಕಿವಿಯವರೆಗೂ ಕೆಂಪಾದಳು.

"ಹಾಗಾದ್ರೆ ತಪ್ಪಾಯ್ತು," ಎಂದಳು. "ಇದು ನನಗೆ ಬೇಡ. ನೀವೇ ಎಲ್ಲಾದ್ರೂ ಬಿಸಾಕಿ." ಸೈಕಲ್ ಹತ್ತುವಾಗ ತೋಳಿನಿಂದ ಕಣ್ಣೊರೆಸಿಕೊಂಡದ್ದು ಕಿಟಕಿಯಿಂದ ಕಂಡಿತು.

ಡೌವೆಗೆ ನಾಚಿಕೆಯಾಯಿತು. ಅವಳು ಕೂಗಾಡಿದ್ದರೆ ಆಗುತ್ತಿರಲಿಲ್ಲ, ಕ್ಷಮೆ ಕೇಳಿಬಿಟ್ಟಳಲ್ಲ! ಸತ್ತವನನ್ನು ಅವನ ತಂಗಿಯೆದುರಿಗೇ ಸುಳ್ಳುಗಾರ ಮಾಡಿ ಕಳಿಸಿದ್ದ ಅವನು. ನಿಜ ಹೇಳುವುದೇನು ತಪ್ಪೇ ಎಂದು ತನ್ನನ್ನೇ ಕೇಳಿಕೊಂಡ. ಆದರೂ ಅವಳು ಬಿಟ್ಟುಹೋದದ್ದನ್ನು ಬಿಸಾಡದೆ ಮೇಜಿನ ಮೇಲೇ ಬಿಟ್ಟ.

ಹತ್ತೂವರೆಗೆ, ಪ್ರತಿ ಶನಿವಾರದ ಹಾಗೆ, ಅಪ್ಪ ಸಕ್ಕರೆ ಬ್ರೆಡ್ಡಿನ ಪೊಟ್ಟಣ ಹಿಡಿದು ಬಂದರು.

"ಯಾಕೋ, ಮುಖ ಹುಳ್ಳಗೆ ಮಾಡ್ಕೊಂಡಿದೀಯ?"

"ಒಬ್ಬಳನ್ನ ಅಳಿಸಿ ಕಳಿಸಿದೆ ಅಪ್ಪ. ನಕಲಿ ಮಾರ್ತಿದ್ದಳು. ಪಾಪ, ಅವಳಿಗೇ ಗೊತ್ತಿರಲಿಲ್ಲ."

ಅಪ್ಪ ಕನ್ನಡಕ ಏರಿಸಿ ಮೇಜಿನತ್ತ ಬಗ್ಗಿದರು. ಎರಡನ್ನೂ ಕೈಗೆತ್ತಿಕೊಂಡರು. ಲೇಬಲ್ಲುಗಳ ಮೇಲೆ ಹೆಬ್ಬೆರಳು ಆಡಿಸಿದರು. ಅವರ ಮುಖ ಅರಳಿತು.

"ಅಯ್ಯೋ, ಇದನ್ನ ಇನ್ನೂ ಇಟ್ಕೊಂಡಿದೀಯಾ!" ಅವರು ಮೇಲೆತ್ತಿದ್ದು ಡೌವೆಯ ಕ್ಯಾಸೆಟ್ಟನ್ನು. "ಆ ವರ್ಷ ಅಂಗಡಿಯಲ್ಲೆಲ್ಲ ಖಾಲಿ ಆಗಿತ್ತು. ಕೊನೆಗೆ ಹಳೇ ಸಾಮಾನಿನ ಸಂತೇಲಿ ಒಂದು ಸಿಕ್ತು. ಯಾವುದೋ ಮಗು ಲೇಬಲ್ ಪೂರ್ತಿ ಕಿತ್ತಾಕಿತ್ತು. ಸಂತ ತಂದಿದ್ದು ಹಾಗಿದ್ರೆ ಆಗುತ್ತಾ? ಪಕ್ಕದ ಮನೆಯವರು ಅಂಗಡಿಯಿಂದ ತಂದಿದ್ದನ್ನ ಒಂದಿನದ ಮಟ್ಟಿಗೆ ಇಸ್ಕೊಂಡು, ಅದನ್ನ ನೋಡ್ಕೊಂಡು ಪ್ರೆಸ್ಸಲ್ಲಿ ನಾನೇ ಅಚ್ಚು ಹಾಕಿದೆ."

ಡೌವೆ ಕುರ್ಚಿಯಿಂದ ಎದ್ದ. "ಅದು ಹೇಗಿತ್ತೋ ಹಾಗೇ ಹಾಕಿದೆ ತಾನೇ ಅಪ್ಪ?"

"ಹಾಗೇ ಹಾಕೋಕಾಗುತ್ತೇನೋ? ಅಂಗಡಿಯದರಲ್ಲಿ ಕೆಂಪು ಗೆರೆ ಅಂಚಿಗೇ ಅಂಟ್ಕೊಂಡಿತ್ತು, ಥೂ, ನೋಡೋಕಾಗ್ತಿರಲಿಲ್ಲ. ನನ್ ಮಗಂದು ನೆಟ್ಟಗಿರಲಿ ಅಂತ ಕೂದಲೆಳೆಯಷ್ಟು ಮೇಲಕ್ಕೆ ಸರಿಸಿದೆ!"