ಅಂದಾನಪ್ಪನವರ ನಡಿಗೆ

ಬೆಳಿಗ್ಗೆ 5.40ಕ್ಕೆ ಗದಗಿನ ಅಂದಾನಪ್ಪ ಎಂದಿನಂತೆ ವಾಕಿಂಗ್‌ಗೆ ಹೊರಟರು. ಅವರು ಸತ್ತು ಏಳು ತಾಸಾಗಿತ್ತು.

ನಾಲ್ಕು ವರ್ಷದ ಹಿಂದೆ, ತೂಕ 104 ಕಿಲೋ ಇದ್ದಾಗ, ಹೆಂಡತಿ ಪಾರವ್ವನ ಒತ್ತಾಯಕ್ಕೆ ಅವರು ಆಸ್ಪತ್ರೆಯಲ್ಲಿ ಕಾಲಿಗೆ ದಿನವೂ ನಸುಕಿನಲ್ಲಿ ಮುಕ್ಕಾಲು ಗಂಟೆ ನಡೆಯುವ ಅಭ್ಯಾಸ ಹಾಕಿಸಿಕೊಂಡಿದ್ದರು. ಸಾಯುವಾಗ 73 ಕಿಲೋ ಇದ್ದರು. ಹಾಕಿಸಿದ ಅಭ್ಯಾಸ ಸತ್ತ ಮೇಲೂ ಒಂಬತ್ತು ದಿನ ಉಳಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಪಾರವ್ವ ಬೂಟಿನ ಲೇಸು ಕಟ್ಟಿ, ಗಂಡನ ತಣ್ಣನೆಯ ಕೈ ಹಿಡಿದು ಜೊತೆಗೆ ನಡೆದರು.

“ಸಾಹೇಬ್ರು ಇವತ್ತೂ ಟೈಮಿಗೆ ಸರಿ ನೋಡ್ರಿ,” ಎಂದು ಹಾಲಿನವನು ದಾರಿ ಬಿಟ್ಟ.

ಮರಳಿದಾಗ ಮೈದುನ ಚನ್ನವೀರ ಬಾಗಿಲಲ್ಲೇ ನಿಂತಿದ್ದ.

“ವೈನಿ, ಕುಣಿ ತೋಡ್ಯಾರ. ಹನ್ನೊಂದಕ್ಕ ಮಣ್ಣು ಕೊಡೂದು.”

“ಒಂಬತ್ತು ದಿನ ತಡಿಯೋ ಚನ್ನೂ. ನಡಿಯೋ ಕಾಲು ಮಣ್ಣಾಗ ಹೆಂಗ ಇಡ್ತೀ?”

“ಹೆಣಾ ಒಂಬತ್ತು ದಿನ ಮನ್ಯಾಗ ಇಟ್ಕೊಂಡ್ರ ಮಂದಿ ಏನಂದಾರು? ಹಗ್ಗ ಬಿಗೀತೇವಿ ತಗೋರಿ.”

“ಹಾಕ್ಸಿದಾಕಿ ನಾನಪ್ಪಾ. ಅವರು ಬ್ಯಾಡ ಅಂದಿದ್ರು.”

ಹನ್ನೊಂದಕ್ಕೆ ಅಂದಾನಪ್ಪನವರಿಗೆ ಪದ್ಮಾಸನ ಹಾಕಿಸಿ, ಮೊಣಕಾಲಿಗೆ ಹಗ್ಗ ಬಿಗಿದು, ಕುಣಿಯಲ್ಲಿ ಕೂಡಿಸಿ ಮಣ್ಣು ಮುಚ್ಚಿದರು.

ಮರುದಿನ ನಸುಕಿನಲ್ಲಿ ಸಮಾಧಿಯ ಹಸಿಮಣ್ಣು ಮುಕ್ಕಾಲು ಗಂಟೆ ಅಲುಗಿತು. ಪಾರವ್ವ ಅಷ್ಟೂ ಹೊತ್ತು ಅದರ ಸುತ್ತ ನಡೆದರು.